ಚೂಪು ಅಂಚಿನ ಗಾರ್ನೆಟ್

ಇಪ್ಪತ್ತೆರಡು ವರ್ಷ ಮರಳುಗಲ್ಲು ಕುಟ್ಟಿದವಳು ನಾನು. ಪ್ರಯೋಗಾಲಯದಲ್ಲಿ ಎಲ್ಲರೂ ನನ್ನನ್ನು ಜರಡಿಯಮ್ಮ ಎನ್ನುತ್ತಾರೆ, ಎನ್ನಲಿ ಬಿಡಿ. ಕಲ್ಲನ್ನು ಪುಡಿ ಮಾಡಿ, ಜರಡಿ ಹಿಡಿದು, ಭಾರದ ದ್ರವಕ್ಕೆ ಸುರಿಯುವುದು ನನ್ನ ಕೆಲಸ. ಬಿಳಿ ಮರಳು ತೇಲುತ್ತದೆ, ಭಾರದ ಖನಿಜದ ಕಾಳುಗಳು ತಳ ಸೇರುತ್ತವೆ. ತಳದ ಆ ಚಿಟಿಕೆಯನ್ನು ನೋಡಿ, ಮರಳು ಯಾವ ಬೆಟ್ಟದಿಂದ ಬಂತೆಂದು ನಮ್ಮ ಪ್ರೊಫೆಸರು ಹೇಳುತ್ತಿದ್ದರು.

ಒಂದು ಕಲ್ಲಿನಲ್ಲಿ ಅವರಿಗೆ ಗಾರ್ನೆಟ್ ಎಂಬ ಕೆಂಪು ಖನಿಜದ ಕಾಳುಗಳು ಸಿಕ್ಕಿದ್ದವು. ಗಾರ್ನೆಟ್ ಇರುವುದು ಪೂರ್ವದ ಬೆಟ್ಟದಲ್ಲಿ ಮಾತ್ರ. ಹಾಗಾಗಿ ಹಿಂದೊಂದು ಕಾಲಕ್ಕೆ ಅಲ್ಲಿಂದ ನದಿ ಹರಿದಿತ್ತು ಎಂದು ಪುಸ್ತಕವನ್ನೇ ಬರೆದರು. ಬರೆದು ಮುಗಿಸುವ ಹೊತ್ತಿಗೆ ಹಾಸಿಗೆ ಹಿಡಿದರು. "ಮುಖಪುಟಕ್ಕೆ ಚೆನ್ನಾಗಿರೋ ಕಾಳೊಂದನ್ನ ನೀನೇ ಆರಿಸು," ಎಂದು ನನಗೆ ಹೇಳಿ ಕಳಿಸಿದರು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಕೆಂಪು ಕಾಳೆಲ್ಲ ಚೂಪು. ನೂರಾರು ಮೈಲಿ ಉರುಳಿ ಬಂದ ಕಾಳಿಗೆ ಅಂಚು ಸವೆಯಬೇಡವೆ? ನದಿಗೆ ಅವಸರವಿತ್ತು ಎಂದು ಅವರು ಸಮಾಧಾನ ಬರೆದುಕೊಂಡಿದ್ದರು. ಒಂದು ಕಾಳನ್ನು ಸೂಜಿಯಿಂದ ಮಗುಚಿದೆ. ಬೆನ್ನಿಗೆ ಅಂಟು ಮೆತ್ತಿಕೊಂಡಿತ್ತು, ಕಾಗದಕ್ಕೆ ಹಚ್ಚುವ ಅಂಟು.

ಆ ಕಲ್ಲು ಕುಟ್ಟಿದ ವರ್ಷ ಮರದ ತಟ್ಟೆಯ ಸಿಬಿರು ಬೆರಳಿಗೆ ಚುಚ್ಚಿತೆಂದು ಕೆಂಪು ಸ್ಯಾಂಡ್‌ಪೇಪರ್ ಹಾಕಿ ಅದನ್ನು ಉಜ್ಜಿದ್ದೆ. ಆ ಕಾಗದಕ್ಕೆ ಅಂಟಿಸುವುದೇ ಗಾರ್ನೆಟ್ ಪುಡಿ. ತಟ್ಟೆಯನ್ನು ಬಟ್ಟೆಯಲ್ಲಿ ಒರೆಸಿ, ಅದರಲ್ಲೇ ಆ ಕಲ್ಲಿನ ಪುಡಿ ಹರವಿದ್ದೆ. ಸಂದಿಯಲ್ಲಿ ಉಳಿದದ್ದೆಲ್ಲ ಬೆರೆತುಹೋಗಿತ್ತು. ಹಾಳಾದ ಕೈ ನನ್ನದು.

ಬಾಯಿ ಮುಚ್ಚಿಕೊಂಡಿದ್ದರೆ ಅವರು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದರು. ಪುಸ್ತಕ ಮಾತ್ರ ಸುಳ್ಳಾಗುತ್ತಿತ್ತು. ಎರಡು ದಿನ ಹೆದರಿ ಮನೆಯಲ್ಲೇ ಕೂತೆ. ಮೂರನೆಯ ದಿನ ಹೋಗಿ ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿದೆ.

"ಸಿಬಿರು ಚುಚ್ಚಿದ್ದು ಯಾವ ಬೆರಳಿಗೆ?" ಎಂದರು.

"ಬೈದುಬಿಡಿ ಸರ್. ಹೀಗೆಲ್ಲ ಕೇಳಬೇಡಿ."

"ಬೈಯೋಕೂ ಶಕ್ತಿ ಬೇಕಲ್ಲಮ್ಮ." ನನ್ನ ಕಡೆ ಹೊರಳಿದರು. "ಆ ಕಲ್ಲು ಚೂರಾದ್ರೂ ಉಳಿದಿದೆಯಾ? ಮತ್ತೆ ಕುಟ್ಟು. ಏನು ಬರುತ್ತೋ ಬಂದು ಹೇಳು."

ಹೊಸ ತಟ್ಟೆ ತಂದೆ. ತೊಳೆದೆ, ಮತ್ತೆ ತೊಳೆದೆ. ತಳದ ಕಾಳುಗಳನ್ನು ಒಂದೊಂದಾಗಿ ಎಣಿಸುವುದಕ್ಕೆ ಎರಡು ದಿನ ಹಿಡಿಯಿತು. ಗಾರ್ನೆಟ್ ಒಂದೂ ಇರಲಿಲ್ಲ. ಇದ್ದದ್ದು ಪಶ್ಚಿಮದ ಬೆಟ್ಟದ ಕಪ್ಪು ಕಾಳುಗಳು, ಸವೆದು ಗುಂಡಗಾದವು. ಅವು ಮೊದಲೂ ಇದ್ದವು. ಕೆಂಪು ಸಿಕ್ಕಿದ ಸಂಭ್ರಮದಲ್ಲಿ ಯಾರೂ ಅವನ್ನು ಗಣನೆಗೆ ತಂದಿರಲಿಲ್ಲ.

ಎಣಿಕೆಯ ಚೀಟಿ ಹಿಡಿದು ಅವರ ಮನೆಗೆ ಓಡಿದೆ. ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

"ಬೆಳಿಗ್ಗೆ ಹೋಗಿಬಿಟ್ರು ಕಣಮ್ಮ. ನಿನ್ನೆಯಿಂದ ಒಂದೇ ಜಪ, ಜರಡಿಯಮ್ಮ ಬಂದಳಾ, ಮರಳು ಎಲ್ಲಿಂದಂತೆ ಅಂತ."

ಒಳಗೆ ಹೋಗಿ, ಅವರ ಕಿವಿಯ ಹತ್ತಿರ ಬಾಗಿ, "ಪಶ್ಚಿಮದಿಂದ ಸರ್," ಎಂದೆ. ಮೊದಲಿನ ಆ ಎರಡು ದಿನ ನಾನು ಹೆದರಿ ಕೂರದಿದ್ದರೆ ಅವರು ಇದನ್ನು ಕೇಳಿಸಿಕೊಂಡೇ ಹೋಗುತ್ತಿದ್ದರು.