ಎಡಭುಜದ ಬೂದಿ

"ಲೋ ಜಾರ್ಜ್, ನಾಯಿ ಥರ ಬೊಗಳೋ ನೋಡೋಣ. ಚೆನ್ನಾಗಿ ಬೊಗಳಿದ್ರೆ ಒಂದು ಡಾಲರ್."

ಚುಟ್ಟದ ಹೊಗೆ ತುಂಬಿದ್ದ ರೈಲು ಬೋಗಿಯ ಆ ಇಕ್ಕಟ್ಟಿನ ಕೋಣೆಯಲ್ಲಿ ಇಸ್ಪೀಟು ಆಡುತ್ತಿದ್ದ ಗಂಡಸರೆಲ್ಲ ತಲೆಯೆತ್ತಿದರು. ಹೇಳಿದವನು ಒಮಾಹಾದ ಬಿತ್ತನೆಬೀಜದ ವ್ಯಾಪಾರಿ ಹ್ಯಾಲ್ಪಿನ್. ಐಸ್‌ನೀರಿನ ತಟ್ಟೆ ಹಿಡಿದು ನಿಂತಿದ್ದವನು ಲೂಶಿಯಸ್ ಟಾಲಿವರ್, ಆ ಬೋಗಿಯ ಆಳು. ನಲವತ್ತರ ಹತ್ತಿರದವನು. ಶಿಕಾಗೋದಲ್ಲಿ ಅವನ ಬೀದಿಯವರು ಅವನನ್ನು 'ಮಿಸ್ಟರ್ ಟಾಲಿವರ್' ಎಂದೇ ಕರೆಯುತ್ತಿದ್ದರು.

"ಗಂಟಲು ಕಟ್ಟಿದೆ ಸಾರ್."

"ನಾಯಿಗೂ ಗಂಟಲು ಕಟ್ಟತ್ತೇನೋ?"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಲೂಶಿಯಸ್ಸೂ ನಕ್ಕ. ಹಾಸಿಗೆ ಹಾಸುವುದು, ಬೂಟು ಒರೆಸುವುದು, ಬೈಸಿಕೊಂಡು ನಗುವುದು, ಇವಿಷ್ಟೂ ಕೆಲಸವೇ. ಸಂಬಳ ಹೊಟ್ಟೆಗೆ ಸಾಲದು. ಉಳಿದದ್ದನ್ನು ನಗುವಿನಿಂದ ಗಿಟ್ಟಿಸಿಕೊಳ್ಳಬೇಕು.

ಆ ಮಲಗುವ ಬೋಗಿಗಳ ಕಂಪನಿ ಕಟ್ಟಿದ ಯಜಮಾನನ ಹೆಸರು ಜಾರ್ಜ್. ಅವನು ಮಣ್ಣಾಗಿ ನಲವತ್ತು ವರ್ಷವಾಗಿತ್ತು. ಆದರೂ ಬೋಗಿಗಳಲ್ಲಿ ದುಡಿಯುವ ಕರಿಯರೆಲ್ಲ ಪ್ರಯಾಣಿಕರ ಬಾಯಲ್ಲಿ ಜಾರ್ಜೇ. ಅಜ್ಜಂದಿರ ಕಾಲದಲ್ಲಿ ಗುಲಾಮನಿಗೆ ಒಡೆಯನ ಹೆಸರು ಅಂಟಿಸುತ್ತಿದ್ದರು. ಗುಲಾಮಗಿರಿ ಹೋಯಿತು ಅನ್ನುವವರು ಒಂದು ಸಲ ಈ ರೈಲು ಹತ್ತಬೇಕಿತ್ತು.

ಹೋದ ವರ್ಷ ವೆಂಡೆಲ್ ಎಂಬ ಹುಡುಗ ಆಳು, ಜಾರ್ಜ್ ಎಂದು ಕರೆದ ಪ್ರಯಾಣಿಕಳೊಬ್ಬಳಿಗೆ, "ನನ್ನ ಹೆಸರು ವೆಂಡೆಲ್, ಅಮ್ಮಾವ್ರೇ" ಅಂದುಬಿಟ್ಟ. ಅಷ್ಟೇ. ಆಕೆ ದೂರು ಕೊಟ್ಟಳು, ಮುಂದಿನ ನಿಲ್ದಾಣದಲ್ಲೇ ಅವನ ಕೋಟು ಬಿಚ್ಚಿಸಿ ಇಳಿಸಿದರು. ನೀನೇನು ಹೇಳುತ್ತೀಯಪ್ಪ ಎಂದು ಅವನನ್ನು ಒಬ್ಬನೂ ಕೇಳಲಿಲ್ಲ. ಕೇಳಬೇಕೆಂಬ ಕಟ್ಟಳೆಯೇ ಇರಲಿಲ್ಲ.

ಅದಕ್ಕೇ ಲೂಶಿಯಸ್ ಬೋಗಿ ಆಳುಗಳ ಸಂಘದ ತನ್ನ ಸದಸ್ಯತ್ವದ ಚೀಟಿಯನ್ನು ಬೂಟಿನೊಳಗೆ, ಅಂಗಾಲಿನಡಿಗೆ ಇಟ್ಟುಕೊಂಡು ತಿರುಗುತ್ತಿದ್ದ. ಸಂಘದವನೆಂದು ಗೊತ್ತಾದರೆ ಕೆಲಸ ಹೋಯಿತೆಂದೇ ಲೆಕ್ಕ. ಕಂಪನಿ ಪ್ರತಿ ರೈಲಿನಲ್ಲೂ ತನ್ನ ಕಿವಿಗಳನ್ನು ಸಾಕಿತ್ತು. ಪಕ್ಕದ ಬೋಗಿಯ ಮುದಿ ಆಳು ಎಫ್ರೈಮ್ ಅಂಥದೊಂದು ಕಿವಿ ಎಂಬುದು ಲೂಶಿಯಸ್ಸಿಗೆ ಖಾತ್ರಿ. ಸಂಘದ ಸುದ್ದಿ ಹತ್ತಿರ ಸುಳಿದರೆ ಸಾಕು, ಮುದುಕ ಮಳೆಯ ಮಾತೆತ್ತುತ್ತಿದ್ದ. ಇವನೂ ಮಳೆಯ ಮಾತೇ ಆಡುತ್ತಿದ್ದ. ಎಂಟು ವರ್ಷ ಒಂದೇ ರೈಲಿನಲ್ಲಿ ದುಡಿದು, ಮಳೆ ಬಿಸಿಲು ಬಿಟ್ಟು ಬೇರೆ ಮಾತಾಡಿರಲಿಲ್ಲ ಇಬ್ಬರೂ.

ಗೇಲ್ಸ್‌ಬರ್ಗಿನಲ್ಲಿ ರೈಲು ನಿಂತಾಗ ಲೂಶಿಯಸ್ ಇಳಿದು ಬಾಗಿಲಿನ ಹಿತ್ತಾಳೆ ಹಿಡಿ ಒರೆಸುತ್ತಿದ್ದ. ಪೆಟ್ಟಿಗೆ ಹೊರುವ ಕೆಂಪು ಟೋಪಿಯ ಹಮಾಲಿ ಬರಿಗೈಯಲ್ಲಿ ಓಡಿಬರುತ್ತಿದ್ದ. ಮೊಣಕಾಲು ನೋವಿನ ಆ ಮನುಷ್ಯ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಎಫ್ರೈಮನ ಕಿವಿಯಲ್ಲಿ ಏನೋ ಉಸುರಿ, ಮುಂದಿನ ಬೋಗಿಗೆ ಓಡಿದ.

ರೈಲು ಹೊರಟ ಮೇಲೆ ಎಫ್ರೈಮ್ ಬಂದು ಲೂಶಿಯಸ್ಸಿನ ರಟ್ಟೆ ಹಿಡಿದು ಹಾಸಿಗೆ ಬಟ್ಟೆಯ ಗೂಡಿನೊಳಕ್ಕೆ ಎಳೆದುಕೊಂಡು ಬಾಗಿಲು ಹಾಕಿದ.

"ಸಹಿ ಬಿತ್ತು."

"ಮೋಡ ಆಗಿದೆ ಅಲ್ವಾ ಇವತ್ತು," ಎಂದ ಲೂಶಿಯಸ್.

"ಮೋಡದ ಮನೆ ಹಾಳಾಗ. ಕಂಪನಿ ಸಹಿ ಹಾಕ್ತು ಕಣಯ್ಯಾ, ನಿನ್ನೆ ಶಿಕಾಗೋದಲ್ಲಿ. ನಮ್ಮ ಸಂಘದ ಜೊತೆ ಕರಾರು. ಸಂಬಳ ಏರತ್ತೆ. ಇನ್ಮೇಲೆ ವಿಚಾರಣೆ ಇಲ್ದೆ ಯಾರನ್ನೂ ಕೆಲಸದಿಂದ ತೆಗೆಯೋ ಹಾಗಿಲ್ಲ."

ಲೂಶಿಯಸ್ ಗೋಡೆಗೆ ಅಂಟಿಕೊಂಡ. ನನ್ನ ಬಾಯಿ ಬಿಡಿಸಲು ಒಡ್ಡಿದ ಬಲೆಯೇ ಇದು? ಎಫ್ರೈಮ್ ಟೋಪಿ ತೆಗೆದು ಒಳಗಿನ ಅಸ್ತರು ಕಿತ್ತ. ಬೆವರಿಗೆ ಹಳದಿಯಾದ ಸಂಘದ ಚೀಟಿ ಕೆಳಗೆ ಬಿತ್ತು.

"ಅಣ್ಣಾ... ನಾನು ನಿನ್ನನ್ನ ಕಂಪನಿ ಕಿವಿ ಅಂದ್ಕೊಂಡಿದ್ದೆ."

"ನಾನೂ ನಿನ್ನನ್ನ ಹಂಗೇ ಅಂದ್ಕೊಂಡಿದ್ದೆ. ಎಂಟು ವರ್ಷ ಮಳೆ ಮಾತಾಡಿ ಮಾತಾಡಿ ನನ್ನ ನಾಲಿಗೆಗೇ ನೆಗಡಿ ಆಗಿದೆ."

ಲೂಶಿಯಸ್ ಬಟ್ಟೆಗಂಟಿನ ಮೇಲೆ ಕುಸಿದು ಕೂತು ಬೂಟು ಬಿಚ್ಚಿದ. ಎಫ್ರೈಮ್ ಮೂಗು ಮುಚ್ಚಿಕೊಂಡ.

"ಒಳಗೇ ಇರ್ಲಿ ಬಿಡಪ್ಪ, ನಂಬಿದೆ."

ನಗು ಉಕ್ಕಿ ಬಂತು. ಹೊರಗೆ ಕೇಳದಿರಲೆಂದು ಇಬ್ಬರೂ ಕಂಪನಿಯ ಟವೆಲ್ಲು ಬಾಯಿಗೆ ತುರುಕಿಕೊಂಡರು. ಎಫ್ರೈಮನ ಕಣ್ಣಲ್ಲಿ ನೀರು ಧಾರೆಧಾರೆಯಾಗಿ ಇಳಿಯಿತು, ನಗು ನಿಂತ ಮೇಲೂ ಇಳಿಯುತ್ತಲೇ ಇತ್ತು. "ಹನ್ನೆರಡು ವರ್ಷ ಕಣೋ ಈ ಜಗಳ," ಎಂದ. "ಅರ್ಧ ಜನ ಹಸಿದ್ರು, ಅರ್ಧ ಜನ ಹೆದರಿದ್ರು. ಆದ್ರೂ ಗೆದ್ವಿ."

ಆಮೇಲೆ ರೈಲಿನ ಓಟವೇ ಬೇರೆಯಾಯಿತು. ಊಟದ ಬೋಗಿಯ ಅಡುಗೆಯವರು ಬಾಣಲೆಗೆ ಸೌಟು ಬಡಿದರು. ಬಿಳಿಯರು ಪಾತ್ರೆ ಬಿತ್ತೆಂದುಕೊಂಡರು. ಮಾಣಿಯೊಬ್ಬ ಕಾಫಿ ಹೊತ್ತು ಕುಣಿಯುತ್ತಾ ಬಂದ, ಒಂದು ಹನಿಯೂ ಚೆಲ್ಲಲಿಲ್ಲ. ಎರಡೂ ಬದಿಯ ಜೋಳದ ಹೊಲಗಳು ಹಿಂದಕ್ಕೆ ಹಾರುತ್ತಿದ್ದವು. ಲೂಶಿಯಸ್ಸಿನ ಚೀಟಿ ಈಗ ಎದೆಯ ಜೇಬಿನಲ್ಲಿತ್ತು. ಕಾಲಡಿಯಲ್ಲಿ ಅದಿಲ್ಲದೆ ನಡಿಗೆಯೇ ಹೊಸದೆನಿಸುತ್ತಿತ್ತು.

ಶಿಕಾಗೋ ಹತ್ತಿರ ಬಂದಾಗ ಅವನು ಕೋಟು ಉಜ್ಜುವ ಕುಂಚ ಎತ್ತಿಕೊಂಡ. ಅದು ಪದ್ಧತಿ. ಇಳಿಯುವ ಮುಂಚೆ ಒಬ್ಬೊಬ್ಬರೂ ನಡುದಾರಿಯಲ್ಲಿ ತೋಳು ಚಾಚಿ ನಿಲ್ಲಬೇಕು, ಆಳು ಭುಜದ ಮಸಿ, ಬೂದಿ ಕೊಡವಬೇಕು. ಆಮೇಲೆ ಅಂಗೈಗೆ ಕಾಸು ಬೀಳುತ್ತದೆ. ಹ್ಯಾಲ್ಪಿನ್‌ನ ಸರದಿ ಬಂತು. ಕಪ್ಪು ಕೋಟಿನ ಎರಡೂ ಭುಜದ ಮೇಲೆ ಚುಟ್ಟದ ಬೂದಿ. ಚಾಚಿದ ಕೈಯ ಬೆರಳ ತುದಿಯಲ್ಲಿ ಬೆಳ್ಳಿಯ ಡಾಲರ್.

ಲೂಶಿಯಸ್ ಬಲಭುಜ ಉಜ್ಜಿದ.

"ಜಾರ್ಜ್, ಈಗ್ಲಾದ್ರೂ ಬೊಗಳೋ. ಕಾಸು ಇಲ್ಲೇ ಇದೆ ನೋಡು."

ಇಸ್ಪೀಟಿನವರು ಹಿಂದೆ ಕಿಸಕ್ಕೆಂದರು. ಕುಂಚ ನಿಂತಿತು. ಕರಾರಿಗೆ ಇನ್ನೂ ಒಂದು ದಿನದ ವಯಸ್ಸು. ಕಂಪನಿ ಅದನ್ನು ಉಳಿಸಿಕೊಳ್ಳುತ್ತದೋ, ನುಂಗಿ ನೀರು ಕುಡಿಯುತ್ತದೋ ಯಾರು ಕಂಡರು? ವೆಂಡೆಲ್ ಆಡಿದ ಮಾತು ಲೂಶಿಯಸ್ಸಿನ ನಾಲಿಗೆಯ ತುದಿಗೆ ಬಂದಿತ್ತು. ಆಮೇಲೆ ಅನಿಸಿತು: ಇವನಿಗೆ ನನ್ನ ಹೆಸರು ಯಾಕೆ ಕೊಡಬೇಕು?

ಕುಂಚವನ್ನು ಜೇಬಿಗೆ ಸಿಕ್ಕಿಸಿ ಬಾಗಿಲ ಕಡೆ ತಿರುಗಿದ.

"ಜಾರ್ಜ್. ಎಡಗಡೆ ಬಾಕಿ ಇದೆ."

ಲೂಶಿಯಸ್ ನಡೆದ. ಸಾಲಿನ ಕೊನೆಯ ಅಜ್ಜಿಯ ಕೈಚೀಲ ಎತ್ತಿಕೊಂಡ.

"ಕಿವಿ ಕೇಳಲ್ವೇನೋ ಜಾರ್ಜ್? ದೂರು ಕೊಡ್ತೀನಿ, ಕೆಲಸ ಹೋಗತ್ತೆ."

ನಡುದಾರಿಯ ತುದಿಯ ಕನ್ನಡಿಯಲ್ಲಿ ಬೀಜದ ವ್ಯಾಪಾರಿ ಇನ್ನೂ ತೋಳು ಚಾಚಿಯೇ ನಿಂತಿದ್ದ, ಹೊಲದ ಬೆದರುಗೊಂಬೆಯ ಹಾಗೆ, ಒಂದು ಭುಜ ಬೆಳ್ಳಗೆ. ಬ್ರೇಕಿನ ಕೀರಲು ಶುರುವಾಗಿತ್ತು. ಲೂಶಿಯಸ್ ಕನ್ನಡಿಯನ್ನು ದಾಟಿ ಮೆಟ್ಟಿಲ ಕಡೆಗೆ ಹೋದ.