ಸರದಾರನ ಮೊಳ

ಬಿಶನ್ ಸಿಂಗ್ ಚನ್ನರಾಯಪಟ್ಟಣಕ್ಕೆ ಬಂದದ್ದು ೧೯೩೭ರಲ್ಲಿ, ರಸ್ತೆ ಕಂಟ್ರಾಕ್ಟರೊಬ್ಬರ ಲಾರಿಯ ಜೊತೆ. ಕೆಲಸ ಮುಗಿದು ಲಾರಿ ಹೋಯಿತು, ಅವನು ಉಳಿದುಕೊಂಡ. ಯುದ್ಧ ಬಂದು ಪೆಟ್ರೋಲು ರೇಷನ್ನಿಗೆ ಬಿದ್ದಾಗ ಹಾಸನದ ಕಡೆ ಓಡುವ ಬಸ್ಸುಗಳ ಹಿಂದೆ ಇದ್ದಿಲಿನ ಗ್ಯಾಸ್ ಒಲೆ ಕೂಡಿಸುತ್ತಿದ್ದವನು ಅವನೇ. ಮುಖ, ಗಡ್ಡ, ಕೈಯೆಲ್ಲ ಇದ್ದಿಲು. ತಲೆಯ ಪಾಗು ಮಾತ್ರ ದಿನವೂ ಒಗೆದದ್ದು.

ಬೆಳಿಗ್ಗೆ ತನ್ನ ರಿಪೇರಿ ಷೆಡ್ಡಿನ ಬಾಗಿಲು ತೆಗೆಯುವ ಮುಂಚೆ ಅವನು ಎದುರಿನ ಶಿವಗಂಗಮ್ಮನವರ ಅಂಗಡಿಯಲ್ಲಿ ಒಂದು ಮೊಳ ಸೇವಂತಿಗೆ ಕೊಳ್ಳುತ್ತಿದ್ದ. ಷೆಡ್ಡಿನೊಳಗೆ ಗೂಡಿನಲ್ಲಿ ರೇಷ್ಮೆ ಬಟ್ಟೆ ಸುತ್ತಿಟ್ಟ ಪ್ರಾರ್ಥನೆಯ ಪುಸ್ತಕವಿತ್ತು. ಹೂ ಅದರ ಮುಂದಕ್ಕೆ. ಕನ್ನಡ ಕಲಿತಿದ್ದ, ಆದರೆ ಅವನ ಕನ್ನಡದಲ್ಲಿ ಎಲ್ಲವೂ ಗಂಡಸು.

"ಅಕ್ಕ, ಹೂ ಬಂದ್ನಾ?"

"ಬಂದ, ಕಾಪಿ ಕುಡೀತಾ ಕುಂತವ್ನೆ," ಎನ್ನುತ್ತಿದ್ದರು ಶಿವಗಂಗಮ್ಮ.

ಅವರು ಗಿಡ್ಡ ಮೈಕಟ್ಟಿನ ಹೆಂಗಸು, ಕೈಯೂ ಗಿಡ್ಡ. ಮೊಳ ಹಾಕುವಾಗಲೆಲ್ಲ ಅವನದು ಒಂದೇ ತಕರಾರು.

"ಇದು ಮೊಳ ಅಲ್ಲ ಅಕ್ಕ. ನನ್ನ ಕೈಯಲ್ಲಿ ಅಳೀರಿ."

"ಅದು ಕೈಯೇನ್ಲಾ, ಗಾಡಿ ಮೂಕಿ! ಅದ್ರಲ್ಲಿ ಅಳುದ್ರೆ ನಾನು ಅಂಗ್ಡಿ ಮುಚ್ಕೊಂಡು ಓಗ್ಬೇಕಾಯ್ತದೆ."

ಒಂದು ದಿನ ಪೇಟೆಯ ವರ್ತಕರೊಬ್ಬರ ಶವವನ್ನು ಹೂ ಕಟ್ಟಿದ ಬಿದಿರಿನ ವಿಮಾನದಲ್ಲಿ ಕೂರಿಸಿಕೊಂಡು ಅದೇ ಬೀದಿಯಲ್ಲಿ ಹೋದರು. ಅಷ್ಟೂ ಹೂ ಶಿವಗಂಗಮ್ಮ ಕಟ್ಟಿದ್ದು. ಬಿಶನ್ ಸಿಂಗ್ ಷೆಡ್ಡಿನಿಂದ ಹೊರಗೆ ಬಂದು ಮೆರವಣಿಗೆ ತಿರುಗುವವರೆಗೆ ನೋಡಿದ.

"ನಾನು ಸತ್ತರೆ ನೀವೇ ಕಟ್ಟಬೇಕು ಅಕ್ಕ."

"ನಮ್ಮೋರ್ನ ಹೂಳ್ತೀವಿ, ಹೂ ಜೊತೇಲಿರ್ತದೆ. ನಿಮ್ಮಲ್ಲಿ ಸುಡ್ತೀರಿ. ಬೆಂಕಿಗ್ಯಾಕೋ ಹೂ?"

"ಬೆಂಕಿವರೆಗೂ ಚೆಂದ ಇರಬೇಕಲ್ಲ?"

"ಬಿಡ್ತು ಅನ್ನು. ಆಯ್ತು, ಕಟ್ತೀನಿ. ಅವತ್ತು ಮಾತ್ರ ನಿನ್ನ ಕೈಯಳತೇಲೇ ಮೊಳ."

೧೯೪೪ರ ನವೆಂಬರ್ ೧೨, ಭಾನುವಾರ, ನಾಲ್ಕು ದಿನದ ಜ್ವರದಲ್ಲಿ ಬಿಶನ್ ಸಿಂಗ್ ತೀರಿಕೊಂಡ. ಶಿವಗಂಗಮ್ಮ ಊರಿನಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ಅರಕಲಗೂಡಿಗೆ ಹೋಗಿದ್ದರು. ಶುಕ್ರವಾರ ಮಧ್ಯಾಹ್ನ ಬಸ್ಸಿಳಿದಾಗ ಡ್ರೈವರ್ ಮಂಚಯ್ಯ ಸುದ್ದಿ ಹೇಳಿದ. ಸೋಮವಾರವೇ ದಹನವಾಗಿತ್ತು. ಬೆಂಗಳೂರಿನ ದಂಡಿನಲ್ಲಿ ಮಿಲಿಟರಿ ಉಗ್ರಾಣದ ಕೆಲಸದಲ್ಲಿದ್ದ ಅಣ್ಣನ ಮಗ ಹರ್ನಾಮ್ ಸಿಂಗ್ ಬಂದಿದ್ದ. ಮಾರನೆಯ ದಿನ ಅವನ ಕಡೆಯ ಹಿರಿಯರೊಬ್ಬರು ದೊಡ್ಡ ಗ್ರಂಥವನ್ನು ತಲೆಯ ಮೇಲಿಟ್ಟು ತಂದು, ಗುಡಿಸಿ ಸಾರಿಸಿದ ಷೆಡ್ಡಿನಲ್ಲಿ ಓದಲು ಕುಳಿತಿದ್ದರು.

ಶಿವಗಂಗಮ್ಮ ಕೈಯ ಗಂಟನ್ನು ಜಗಲಿಯ ಮೇಲೆ ಇಟ್ಟರು. "ಹೂ ಯಾರು ಕಟ್ಟಿದ್ರು?"

ಸೋಮವಾರ ಮಂಚಯ್ಯ ಹಾಸನದ ಕಡೆ ಬಸ್ಸಿನಲ್ಲಿದ್ದ. ಅವನಿಗೂ ಗೊತ್ತಿರಲಿಲ್ಲ. ಸರದಾರನ ಒಡನಾಟದಿಂದ ನಾಲ್ಕು ಮಾತು ಹಿಂದೂಸ್ತಾನಿ ಬರುತ್ತಿತ್ತು. ಷೆಡ್ಡಿಗೆ ಹೋಗಿ ಹರ್ನಾಮನನ್ನು ವಿಚಾರಿಸಿ ಬಂದ.

"ಫೂಲ್ ಎಲ್ಲಾ ಆಯ್ತಂತೆ ಕಣವ್ವ. ಬುಧವಾರ ಹೊಳೆನರಸೀಪುರಕ್ಕೆ ಹೋಗಿ ಹೇಮಾವತೀಲಿ ಬುಟ್ರಂತೆ."

"ಹೊಳೆನರಸೀಪುರದ ಹೂವಾ?"

"ಅಂಗೇ ಇರ್ಬೇಕು."

ಆ ಹೊಳೆಯನ್ನು ಅವರು ಅವತ್ತೇ ಬಸ್ಸಿನಲ್ಲಿ ದಾಟಿ ಬಂದಿದ್ದರು. ಏಳು ವರ್ಷ ಎದುರುಬದುರು ಕೂತು ಆಡಿದ ಮಾತು, ಕೊನೆಗೆ ಯಾರೋ ಮುಖ ಕಾಣದವರು ಕಟ್ಟಿದ ಹೂವಿನಲ್ಲಿ ತೇಲಿಹೋಯಿತು. ಅವರು ಷೆಡ್ಡಿನ ಕಡೆಗೆ ಬೆನ್ನು ಮಾಡಿ ಕೂತು ನಾಲ್ಕು ದಿನ ವ್ಯಾಪಾರ ಮಾಡಿದರು.

ಮಂಗಳವಾರ ಬೆಳಿಗ್ಗೆ ಹರ್ನಾಮ್ ಅಂಗಡಿಗೆ ಬಂದ. ನಾಳೆ ಗ್ರಂಥ ಓದಿ ಮುಗಿಯುತ್ತದೆ, ಕಡೆಯ ಪ್ರಾರ್ಥನೆಗೆ ಫೂಲ್ ಬೇಕು ಎಂದು ಹಿಂದೂಸ್ತಾನಿಯಲ್ಲೇ ಹೇಳಿ ಬುಟ್ಟಿಯತ್ತ ಕೈ ತೋರಿಸಿದ.

"ಹೊಳೆನರಸೀಪುರದಿಂದ್ಲೇ ತರಿಸ್ಕೊ," ಎಂದರು ಶಿವಗಂಗಮ್ಮ, ತಲೆ ಎತ್ತದೆ.

ಅವನಿಗೆ ಊರಿನ ಹೆಸರು ಬಿಟ್ಟು ಬೇರೇನೂ ತಿಳಿಯಲಿಲ್ಲ. ಬಸ್ಸಿನ ಒಲೆಗೆ ಇದ್ದಿಲು ತುಂಬುತ್ತಿದ್ದ ಮಂಚಯ್ಯನನ್ನು ಕೂಗಿ ಕರೆದ. ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಿದರು. ಹರ್ನಾಮ್ ಒಮ್ಮೆ ತನ್ನ ಎದೆಗೂಡು ಮುಟ್ಟಿಕೊಂಡ, ಆಮೇಲೆ ಬಲಗೈಯ ಕಬ್ಬಿಣದ ಕಡಗವನ್ನು ಮೇಲಕ್ಕೆ ಸರಿಸಿ ಮಣಿಕಟ್ಟಿನ ಗೆಣ್ಣನ್ನು ಬೆರಳಿನಿಂದ ತಟ್ಟಿದ. "ಫೂಲ್. ಚಾಚಾ ಕೇ ಫೂಲ್."

ಮಂಚಯ್ಯ ಇದ್ದಿಲ ಕೈಯಿಂದಲೇ ಹಣೆ ಬಡಿದುಕೊಂಡ. "ಅಯ್ಯೋ ಶಿವನೇ! ಅವ್ವ, ಅದು ಹೂವಲ್ಲ ಕಣವ್ವ, ಮೂಳೆ. ಸುಟ್ಟ ಮೇಲೆ ಆರಿಸ್ತಾರಲ್ಲ, ಆ ಮೂಳೆ. ಇವರ ಕಡೆ ಅದ್ಕೂ ಫೂಲ್ ಅಂತಾರಂತೆ. ಪಂಜಾಬಿಗೆ ತಗೊಂಡೋಗಕ್ಕೆ ರಜಾ ಸಿಗ್ನಿಲ್ವಂತೆ, ಅದ್ಕೇ ಹೇಮಾವತೀಲಿ ಬುಟ್ಟವ್ರೆ."

ಶಿವಗಂಗಮ್ಮನವರ ಮನೆಯಲ್ಲಿ ಯಾರನ್ನೂ ಸುಟ್ಟದ್ದಿಲ್ಲ, ಮೂಳೆ ಆರಿಸಿದ್ದಿಲ್ಲ. ಅವರು ಆ ಗೆಣ್ಣನ್ನೇ ನೋಡಿದರು.

"ಮೂಳೇಗೆ ಹೂ ಅಂತಾರಾ?"

"ಅಂತಾರಂತೆ."

"ನಿನ್ನ ಇಂದೂಸ್ತಾನಿಗೆ ಬೆಂಕಿ ಬೀಳ, ಮಂಚ! ನಾಕು ದಿನ ಅನ್ನ ಸೇರ್ನಿಲ್ಲ ನಂಗೆ." ಬೈದು ಮುಗಿಸಿ ಕೇಳಿದರು: "ಅಂಗಾರೆ ಸೋಮವಾರ ಹೂ?"

ಮಂಚಯ್ಯ ಕೇಳಿ ಹೇಳಿದ. "ಇರ್ನಿಲ್ವಂತೆ. ಹೊಸ ಬಟ್ಟೆ, ತುಪ್ಪ, ಅಷ್ಟೇ. ಇವರು ಬಂದು ನೋಡ್ದಾಗ ನಿನ್ನಂಗ್ಡಿ ಬಾಗ್ಲು ಹಾಕಿತ್ತಂತೆ."

ಶಿವಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಬುಟ್ಟಿಯನ್ನು ಮುಂದಕ್ಕೆ ಎಳೆದುಕೊಂಡರು. "ಪಟಕ್ಕೆ ಹಾಕ್ತಾರಾ? ಎಷ್ಟುದ್ದ ಬೇಕಂತೆ ಕೇಳು."

ಪಟಕ್ಕಲ್ಲ, ಗ್ರಂಥದ ಮುಂದಕ್ಕೆ ಎಂದು ಹರ್ನಾಮ್ ಹೇಳಿದ. ತಮ್ಮಲ್ಲಿ ಸತ್ತವರ ಪಟಕ್ಕೆ ಹಾರ ಹಾಕುವುದಿಲ್ಲ.

ಅವರ ಕೈ ನಿಂತಿತು. ಮಾತು ಕೊಟ್ಟದ್ದು ಬಿಶನ್ ಸಿಂಗನಿಗೆ. "ಪುಸ್ತಕಕ್ಕೆ ಇಟ್ರೆ ಅವನಿಗೆ ಸೇರ್ತದಾ?"

ಮಂಚಯ್ಯ ಇದನ್ನು ಹಿಂದೂಸ್ತಾನಿಗೆ ತಿರುಗಿಸಲು ಹೋಗಲಿಲ್ಲ. "ದಿನಾ ನಿನ್ನತ್ರ ತಗೊಂಡ್ನಲ್ಲವ್ವ ಒಂದೊಂದು ಮೊಳ, ಒಂದು ದಿನಾನಾದ್ರೂ ತನ್ನ ಮೈಮೇಲೆ ಹಾಕ್ಕೊಂಡಿದ್ನಾ? ಪುಸ್ತಕದ ಮುಂದೆ ತಾನೇ ಇಡ್ತಿದ್ದದ್ದು?"

ಶಿವಗಂಗಮ್ಮ ಬಾಳೆನಾರು ನೆನೆಹಾಕಿದರು.

ಬುಧವಾರ ಬೆಳಿಗ್ಗೆ ಆರೂವರೆಗೆ ಹರ್ನಾಮ್ ಮಂಚಯ್ಯನ ಜೊತೆ ಬಂದಾಗ ಸೇವಂತಿಗೆ ಒತ್ತಾಗಿ ಕಟ್ಟಿ ಮುಗಿದಿತ್ತು, ಕತ್ತರಿಸಿರಲಿಲ್ಲ. ಶಿವಗಂಗಮ್ಮ ಅವನ ಕೈ ಚಾಚಿಸಿದರು. ಮೊಣಕೈಯಿಂದ ನಡುಬೆರಳ ತುದಿಗೆ ಹೂವನ್ನು ಎಳೆದು ಹಿಡಿದು, ಮತ್ತೆ ಮೊಣಕೈಗೆ ತಂದು, ಐದು ಮೊಳ ಹಾಕಿದರು. ಅದೇ ಕೈ, ಅದೇ ಮೂಕಿ. ಇದ್ದಿಲು ಮಾತ್ರ ಇರಲಿಲ್ಲ. ಪ್ರತಿ ಸಲವೂ ಹೂ ಕಡಗವನ್ನು ದಾಟಿ ಹೋಗುವಾಗ ಒಂದು ಚೂರು ತಡೆಯುತ್ತಿತ್ತು.

ಕಟ್ಟಿದ್ದೆಲ್ಲ ಅಲ್ಲಿಗೇ ಮುಗಿಯಿತು. ಬುಟ್ಟಿಯಲ್ಲಿ ನಾರಷ್ಟೇ ಉಳಿದಿತ್ತು.

"ಏನಂತಾಳೆ ಅಂತ ಕೇಳಿದ್ರೆ ಹೇಳು ಇವನಿಗೆ, ಮಂಚ," ಎಂದರು ಶಿವಗಂಗಮ್ಮ. "ಇವತ್ತು ಅಂಗ್ಡಿ ಮುಚ್ಕೊಂಡೆ."

ಬಾಗಿಲೆಳೆದು, ಕೈತೊಳೆದು, ಅವರೂ ಷೆಡ್ಡಿಗೆ ಹೋಗಿ ಹೆಂಗಸರ ಕಡೆ ಒಬ್ಬರೇ ಕೂತರು.