ಆನೆಯ ಶ್ರುತಿ

ರೇಡಿಯೋದವರಾಗಲಿ ಪತ್ರಿಕೆಯವರಾಗಲಿ, ಸಂದರ್ಶನಕ್ಕೆ ಬಂದವರೆಲ್ಲ ಮೊದಲು ಕೇಳುವುದು ಇದನ್ನೇ: "ಸಂಗೀತ ಯಾರ ಹತ್ತಿರ ಕಲಿತಿರಿ?" ನಾನು "ಮನೆಯಲ್ಲೇ" ಎಂದು ಹೇಳಿ ನೀರು ಕುಡಿಯುತ್ತೇನೆ. ನಿಜವಾಗಿ ಕಲಿತದ್ದು ಆನೆಯ ಹತ್ತಿರ. ಹಾಗೆಂದುಬಿಟ್ಟರೆ ಹಿಂದೆಯೇ ಇನ್ನೂ ಹತ್ತು ಪ್ರಶ್ನೆ ಬರುತ್ತವೆ. ಹತ್ತು ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ನಾನೂರು ಜನರ ಮುಂದೆ ಹಾಡುವುದು ಈಗ ನನಗೆ ಸುಲಭ. ಮೊದಲು ಎರಡೂ ಆಗುತ್ತಿರಲಿಲ್ಲ.

ಆನೆ ಎಂದರೆ ನಮ್ಮ ಲಾಂಡ್ರಿಯ ಹಿಂದಿನ ಕೋಣೆಯಲ್ಲಿದ್ದ ಬಟ್ಟೆ ಒಣಗಿಸುವ ಮೆಷೀನು. ನನಗಿಂತ ಒಂದು ವರ್ಷಕ್ಕೆ ದೊಡ್ಡದು. ಬಾಗಿಲು ಮುಚ್ಚಿ ಹಸಿರು ಗುಂಡಿ ಒತ್ತಿದರೆ ಮೊದಲು ಕೆಮ್ಮಿ, ಆಮೇಲೆ ಒಂದೇ ಸಮನೆ "ಮ್ಮ್ಮ್" ಎಂದು ಗುನುಗಲು ಶುರುಮಾಡುತ್ತಿತ್ತು. ಅದು ತಿರುಗುವಾಗ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳಿಸುವುದಿಲ್ಲ ಎಂದು ನಾನು ನಂಬಿದ್ದೆ. ಅಪ್ಪ ಇಪ್ಪತ್ತಮೂರು ವರ್ಷ ಅದರ ಪಕ್ಕ ನಿಂತು ಇಸ್ತ್ರಿ ಮಾಡಿದವನು. ಅವನಿಗೆ ತಿಳಿಯದೆಯೇ ಆ ಗುನುಗು ಅವನಿಗೂ ಅಂಟಿಕೊಂಡಿತ್ತು. ಊಟಕ್ಕೆ ಕೂತಾಗ, ಪೇಪರ್ ಓದುವಾಗ, ಗಾಬರಿಯಾದಾಗಂತೂ ಜೋರಾಗಿ, ಬಾಯಿ ಮುಚ್ಚಿಕೊಂಡೇ "ಮ್ಮ್ಮ್" ಎನ್ನುತ್ತಿದ್ದ.

"ರೀ, ಅಂಗಡಿ ಬಾಗಿಲು ಹಾಕಿ ಎಷ್ಟೊತ್ತಾಯ್ತು? ನಿಮ್ಮ ಮೆಷೀನಿನ್ನೂ ಓಡ್ತಾನೇ ಇದೆ," ಎಂದು ಅಮ್ಮ ಛೇಡಿಸುವಳು. ಮಾತಿನ ವಿಷಯದಲ್ಲಿ ನನ್ನ ಪಾಲೂ ಅಪ್ಪನ ಪಾಲೂ ಸೇರಿ ಅಮ್ಮನಿಗೇ ಹೋಗಿದೆ. ಕೌಂಟರಿನಲ್ಲಿ ಕೂತು ಬಂದವರೆಲ್ಲರ ಸುಖದುಃಖ ವಿಚಾರಿಸುವಳು. ನಾನು ಹಿಂದಿನ ಕೋಣೆಯಲ್ಲಿ ಬಟ್ಟೆಗಳಿಗೆ ಚೀಟಿ ಹಚ್ಚುತ್ತಿದ್ದೆ. ಡಿಗ್ರಿ ಮುಗಿದು ಎರಡು ವರ್ಷವಾಗಿತ್ತು. ಮೂರು ಕಡೆ ಇಂಟರ್‌ವ್ಯೂಗೆ ಹೋಗಿ, ಮೂರು ಕಡೆಯೂ ತಲೆ ತಗ್ಗಿಸಿ ನನ್ನ ಚಪ್ಪಲಿಗೆ ಉತ್ತರ ಹೇಳಿ ಬಂದಿದ್ದೆ.

"ಬಾಯಲ್ಲೇನು ಕಡಲೆ ಇಟ್ಕೊಂಡಿದ್ದೀಯೇನೇ? ನಿನ್ನ ಮಾತಾಡಿಸ್ಬೇಕಂದ್ರೆ ಅರ್ಜಿ ಹಾಕ್ಬೇಕು," ಎನ್ನುವಳು ಅಮ್ಮ.

ನನಗೆ ಡೈರಿ ಇತ್ತು. ಆನೆ ಇತ್ತು. ಚಿಕ್ಕಪ್ಪ ಬೇಜಾರಾಗಿ ಬಿಟ್ಟುಹೋದ ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರೂ ಊಟದ ಡಬ್ಬಿಯಷ್ಟು ದೊಡ್ಡ ಒಂದು ಆಂಪ್ಲಿಫೈಯರೂ ಇದ್ದವು. ಆನೆ ತಿರುಗುವಾಗ ಮಾತ್ರ ನಾನು ಹಾಡುತ್ತಿದ್ದೆ. ಅದು ನಿಂತ ಕ್ಷಣ ನನ್ನ ಬಾಯಿಯೂ ಮುಚ್ಚುತ್ತಿತ್ತು. ಗಿಟಾರಿನ ತಂತಿ ಬಿಗಿಯುವುದನ್ನು ಕಲಿಸುವವರು ಯಾರೂ ಇರಲಿಲ್ಲ. ಹಾಗಾಗಿ ಆನೆಯ ಗುನುಗಿಗೇ ಕಿವಿಗೊಟ್ಟು ಒಂದು ತಂತಿಯನ್ನು ಅದಕ್ಕೆ ಕೂಡಿಸಿದೆ. ಉಳಿದ ಐದನ್ನು ಆ ಒಂದಕ್ಕೆ ಕೂಡಿಸಿದೆ. ಜಗತ್ತಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ, ಎಲ್ಲರ ಮನೆಯಲ್ಲೂ ಗುನುಗುವುದು ಏನಾದರೂ ಒಂದು ಇರುತ್ತದೆ ಎಂದುಕೊಂಡಿದ್ದೆ.

ಹಾಡುಗಳು ಹುಟ್ಟಿದ್ದು ಜನರ ಜೇಬುಗಳಿಂದ. ಒಗೆಯುವ ಮೊದಲು ಜೇಬು ತಡವಿ ನೋಡುವುದು ನನ್ನ ಕೆಲಸ. ಸಿಕ್ಕಿದ್ದನ್ನು ಲಕೋಟೆಗೆ ಹಾಕಿ ಬಟ್ಟೆಯ ಜೊತೆ ಹಿಂದಿರುಗಿಸಬೇಕು. ಒಮ್ಮೆ ಒಂದು ಬೂದು ಕೋಟಿನಲ್ಲಿ ನಾಲ್ಕು ಮಡಿಕೆಯ ಚೀಟಿ ಸಿಕ್ಕಿತು: "ಹಾಲು. ಬಲ್ಬು. ಕ್ಷಮೆ ಕೇಳು." ಚೀಟಿಯನ್ನು ಹಿಂದಿರುಗಿಸಿದೆ, ಸಾಲನ್ನು ಇಟ್ಟುಕೊಂಡೆ.

ಇಂಥ ನಾಲ್ಕು ಹಾಡುಗಳನ್ನು ನೇತುಹಾಕಿದ ಕೋಟುಗಳ ಮಧ್ಯೆ ನುಸುಳಿ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಕೋಟುಗಳ ಸಾಲಿಗಿಂತ ಒಳ್ಳೆಯ ಸ್ಟುಡಿಯೋ ಇಲ್ಲ, ಸದ್ದನ್ನೆಲ್ಲ ಕುಡಿದುಬಿಡುತ್ತವೆ. ಹೆಸರು ಹಾಕದೆ, ಹ್ಯಾಂಗರುಗಳ ಫೋಟೋ ಒಂದನ್ನು ಅಂಟಿಸಿ, ಇಂಟರ್ನೆಟ್ಟಿಗೆ ಬಿಟ್ಟೆ. ಬಾವಿಗೆ ಕಲ್ಲು ಹಾಕಿದ ಹಾಗೆ ಎಂದುಕೊಂಡಿದ್ದೆ.

ಮೂರು ತಿಂಗಳಾದ ಮೇಲೆ ಬಾವಿಯಿಂದ ಸದ್ದು ಬಂತು. ಆರಡಿಗೂ ಮೀರಿದ ಬಸ್ ಡ್ರೈವರ್ ಒಬ್ಬ ಸಮವಸ್ತ್ರ ಇಸ್ತ್ರಿಗೆ ಕೊಡಲು ಬಂದವನು, ಚೀಟಿ ಇಸಿದುಕೊಂಡ ಮೇಲೂ ಕೌಂಟರಿನಲ್ಲೇ ನಿಂತ.

"ಅಕ್ಕ, ಒಳಗೆ ಏನದು ಸದ್ದು?"

"ಮೆಷೀನು ಕಣಪ್ಪ. ಮತ್ತಿನ್ನೇನು, ವೀಣೆ ನುಡಿಸ್ತೀವಾ?"

"ಇದನ್ನ ನಾನು ದಿನಾ ಕೇಳ್ತೀನಿ," ಎಂದು ಅವನು ಫೋನ್ ತೆಗೆದು ಕೌಂಟರಿನ ಮೇಲಿಟ್ಟ. ನನ್ನದೇ ದನಿ ಹೊರಬಂತು. ನನ್ನ ದನಿಯ ಕೆಳಗೆ ಆನೆ. ನಾನು ಕೋಟುಗಳ ಹಿಂದೆ ಕುಕ್ಕರಿಸಿ ಕೂತೆ.

ಅಮ್ಮ ಪೂರ್ತಿ ಹಾಡು ಕೇಳಿ, "ಯಾರೋ ಹುಡುಗಿ ಚೆನ್ನಾಗಿ ಹಾಡ್ತಾಳಪ್ಪ. ಪಾಪ, ಅವರ ಮನೇಲೂ ಇಂಥ ದರಿದ್ರ ಮೆಷೀನೇ ಇದೆಯೋ ಏನೋ," ಎಂದಳು.

ಡ್ರೈವರಣ್ಣ ಕೋಟುಗಳ ಸಾಲಿನ ಕೆಳಗೆ ಕಾಣುತ್ತಿದ್ದ ನನ್ನ ಕಾಲುಗಳಿಗೆ ಹೇಳಿದ: "ನಾನು ಬೇಸ್ ಗಿಟಾರ್ ನುಡಿಸ್ತೀನಿ. ನಿಮ್ಮ ನಾಲ್ಕೂ ಹಾಡು ಕಲ್ತಿದೀನಿ. ಆಸ್ಪತ್ರೇಲಿ ನರ್ಸ್ ಆಗಿರೋ ನಮ್ಮ ಅಕ್ಕ ಒಬ್ಬರು ಡ್ರಮ್ಸ್ ಬಾರಿಸ್ತಾರೆ. ಬೇಡ ಅಂದ್ರೆ ಹೋಗ್ತೀನಿ. ಬೇಕು ಅಂದ್ರೆ ಏನೂ ಹೇಳ್ಬೇಡಿ."

ನಾನು ಏನೂ ಹೇಳಲಿಲ್ಲ. ಅದೊಂದು ನನಗೆ ಚೆನ್ನಾಗಿ ಬರುತ್ತಿತ್ತು.

ಭಾನುವಾರ ಅಂಗಡಿಗೆ ರಜೆ. ಹಿಂದಿನ ಕೋಣೆಯಲ್ಲೇ ಅಭ್ಯಾಸ. ನರ್ಸಕ್ಕ ರೋಗಿಯ ನಾಡಿ ಹಿಡಿದಷ್ಟೇ ಗಂಭೀರವಾಗಿ ಡ್ರಮ್ಮು ಬಾರಿಸುವಳು. ನಡುವೆ ನಾನು ಬೆವರಿದರೆ, "ಉಸಿರು ಬಿಡಮ್ಮ. ಒಳಗೆ ತಗೊಂಡಿದ್ದನ್ನ ಹೊರಗೆ ಬಿಡ್ಬೇಕು, ಅಷ್ಟೇ ವಿದ್ಯೆ," ಎನ್ನುವಳು. ಆನೆ ತಿರುಗುತ್ತಿದ್ದರೆ ಮಾತ್ರ ಹಾಡುತ್ತೇನೆ ಎಂದಿದ್ದೆ. ಇಬ್ಬರೂ ಯಾಕೆಂದು ಕೇಳಲಿಲ್ಲ. ನಾನು ಬರುವ ಹೊತ್ತಿಗೆ ಅಪ್ಪ ಅದನ್ನು ಶುರುಮಾಡಿ ಹೋಗಿರುತ್ತಿದ್ದ. ಭಾನುವಾರ ಒಣಗಿಸುವಂಥದ್ದು ಏನಿರುತ್ತದೆ? ಗಾಜಿನೊಳಗೆ ಯಾವಾಗಲೂ ಒಂದೇ ಒಂದು ನೀಲಿ ಟವೆಲ್ಲು ಸುತ್ತುತ್ತಿರುತ್ತಿತ್ತು. ಯಾರೋ ಗಿರಾಕಿ ಮರೆತುಹೋದದ್ದು ಎಂದುಕೊಂಡಿದ್ದೆ.

ಆಮೇಲೆ ಒಂದು ದಿನ ಡ್ರೈವರಣ್ಣ ರೈಲ್ವೆ ನಿಲ್ದಾಣದ ಹಿಂದಿನ ಹಳೆಯ ಗೋದಾಮಿನಲ್ಲಿ ನಡೆಯುವ ಕಾರ್ಯಕ್ರಮಕ್ಕೆ ನಮ್ಮ ಹೆಸರು ಕೊಟ್ಟು ಬಂದ. ಮಧ್ಯಾಹ್ನ ನಾಲ್ಕು ತಂಡಗಳು, ಒಂದೊಂದಕ್ಕೆ ಇಪ್ಪತ್ತು ನಿಮಿಷ, ನಮ್ಮದು ಮೂರನೆಯದು. ಅದೇ ವಾರ, ಇಂಟರ್‌ವ್ಯೂ ಇಲ್ಲದೆ ಬರೀ ಪರೀಕ್ಷೆ ಬರೆದಿದ್ದ ವಿಮಾ ಕಚೇರಿಯಿಂದ ನನಗೆ ಗುಮಾಸ್ತೆಯ ಕೆಲಸದ ಪತ್ರವೂ ಬಂದಿತ್ತು. ಅದು ಬೇರೆ ಊರಿನಲ್ಲಿ. ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಡೈರಿಯಲ್ಲಿ ಬರೆದೆ: "ಭಾನುವಾರ ಆನೆಯಿಲ್ಲದೆ, ಜನರ ಮುಂದೆ, ಒಂದು ಹಾಡು ಪೂರ್ತಿ ಹಾಡಬೇಕು. ಆಗದಿದ್ದರೆ ಸೋಮವಾರ ಒಪ್ಪಿಗೆ ಬರೆದು, ಗಿಟಾರನ್ನು ಚಿಕ್ಕಪ್ಪನಿಗೆ ವಾಪಸ್ ಕೊಡುವುದು. ಅಳುವುದಿಲ್ಲ." ಕೊನೆಯ ಪದಕ್ಕೆ ಅಡಿಗೆರೆ ಎಳೆದಿದ್ದೆ.

ಅಪ್ಪ ಅಮ್ಮನಿಗೆ ಬರಬೇಡಿ ಎಂದಿದ್ದೆ.

"ಯಾರು ಬರ್ತಾರೆ ನಿನ್ನ ಗಲಾಟೆ ಕೇಳೋಕೆ?" ಎಂದಳು ಅಮ್ಮ.

ಬೆಳಿಗ್ಗೆ ಹತ್ತಕ್ಕೆ ಹೋಗಿ ವೇದಿಕೆಯಲ್ಲಿ ಸದ್ದು ಸರಿ ನೋಡಿದೆವು. ಗಿಟಾರೂ ಬೇಸೂ ಡ್ರಮ್ಸೂ ಚೆನ್ನಾಗಿಯೇ ಇದ್ದವು. ನಾನು ಹಾಡಲಿಲ್ಲ. ಮೈಕಿಗೆ "ಹೂಂ" ಎಂದೆ ಅಷ್ಟೇ. ಆಮೇಲೆ ವೇದಿಕೆಯ ಹಿಂದೆ ಮರದ ಪೆಟ್ಟಿಗೆಯ ಮೇಲೆ ಕೂತು, ಮಾಡಬಾರದ ಕೆಲಸ ಮಾಡಿದೆ. ನನ್ನ ಹಾಡುಗಳ ಕೆಳಗೆ ಜನ ಬರೆದದ್ದನ್ನು ಓದಿದೆ. ಒಬ್ಬರು ಬರೆದಿದ್ದರು: "ಹಾಡು ಚೆನ್ನಾಗಿದೆ. ಆದರೆ ಗಿಟಾರ್ ಶ್ರುತಿಯಲ್ಲೇ ಇಲ್ಲ. ಯಾರಾದರೂ ಹೇಳಬಾರದೇ, ಪಾಪ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ 'ಪಾಪ' ಎದೆಗೆ ನಾಟಿತು. ನಮಗಿಂತ ಮೊದಲು ನುಡಿಸಬೇಕಾದ ತಂಡದವನ ಗಿಟಾರಿನ ತುದಿಗೆ ಬಟ್ಟೆ ಕ್ಲಿಪ್ಪಿನಂಥದೊಂದು ಸಿಕ್ಕಿಸಿತ್ತು. ಶ್ರುತಿ ತೋರಿಸುವ ಯಂತ್ರ. ಕೈಸನ್ನೆಯಲ್ಲೇ ಕೇಳಿ ಪಡೆದು ನನ್ನದಕ್ಕೆ ಹಾಕಿ ನೋಡಿದೆ. ಕೆಂಪು ದೀಪ. ಆರು ತಂತಿಗೂ ಕೆಂಪು ದೀಪ. ಆನೆಯ ಸ್ವರ ಹಾರ್ಮೋನಿಯಮ್ಮಿನ ಕರಿ ಕೀಲಿಯಲ್ಲೂ ಇರಲಿಲ್ಲ, ಬಿಳಿ ಕೀಲಿಯಲ್ಲೂ ಇರಲಿಲ್ಲ. ಎರಡರ ನಡುವಿನ ಸಂದಿಯಲ್ಲಿತ್ತು. ಎರಡು ವರ್ಷ ನಾನು ಸಂದಿಯಲ್ಲಿ ನಿಂತು ಹಾಡಿದ್ದೆ. ಡ್ರೈವರಣ್ಣನೂ ನರ್ಸಕ್ಕನೂ ಮರ್ಯಾದೆಗೆ ಸುಮ್ಮನಿದ್ದರು ಎಂದುಕೊಂಡೆ. ಹಸಿರು ದೀಪ ಹತ್ತುವವರೆಗೆ ಒಂದೊಂದೇ ತಂತಿಯನ್ನು ಕೂದಲೆಳೆಯಷ್ಟು ಸಡಿಲಿಸಿದೆ. ಯಾರಿಗೂ ಹೇಳಲಿಲ್ಲ. ಹೇಳಲು ಬಾಯಿ ಬೇಕಲ್ಲ.

ನಮ್ಮ ಸರದಿ ಬಂತು. ಎಪ್ಪತ್ತು ಜನ ಇದ್ದಿರಬಹುದು. ನರ್ಸಕ್ಕ ಕೋಲು ಬಡಿದು ನಾಲ್ಕು ಎಣಿಸಿದಳು. ನಾನೂ ಡ್ರೈವರಣ್ಣನೂ ಒಟ್ಟಿಗೆ ಮೊದಲ ಸ್ವರ ಹಾಕಿದೆವು.

ಹಾಲಿಗೆ ಹುಳಿ ಬಿದ್ದ ಹಾಗಾಯಿತು. ನಾನು ಅವನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಮತ್ತೆ ಹಾಕಿದೆವು, ಮತ್ತೆ ಹುಳಿ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಕೈ ನಿಂತಿತು. ಹಾಡಿನ ಮೊದಲ ಅಕ್ಷರ ಎಲ್ಲಿಂದ ಹಿಡಿಯಬೇಕೋ ತಿಳಿಯಲಿಲ್ಲ. ಬೆನ್ನ ಹಿಂದೆ ಆನೆಯಿಲ್ಲದೆ ಆ ಗೋದಾಮು ಅಗಾಧ ಮೌನವಾಗಿತ್ತು. ನಾನು ಬಾಗಿಲನ್ನು ಹುಡುಕಿದೆ. ಹದಿನೈದು ಹೆಜ್ಜೆ ಇರಬಹುದು. ಗಿಟಾರನ್ನು ಇಲ್ಲೇ ಒರಗಿಸಿ ಹೋಗಿಬಿಡಬಹುದು. ನಾಳೆ ಸೋಮವಾರ.

ಬಾಗಿಲ ಪಕ್ಕದಲ್ಲಿ, ಕಿಟಕಿಯ ಪರದೆ ಹಿಡಿದುಕೊಂಡು, ಅಪ್ಪ ಅಮ್ಮ ನಿಂತಿದ್ದರು.

ಅಪ್ಪನಿಗೆ ಗಾಬರಿಯಾಗಿತ್ತು. ಗಾಬರಿಯಾದಾಗ ಅವನು ಮಾಡುವುದನ್ನೇ ಮಾಡುತ್ತಿದ್ದ. "ಮ್ಮ್ಮ್..."

ಆ ಮೌನದಲ್ಲಿ ಅದು ಗೋಡೆಯಿಂದ ಗೋಡೆಗೆ ಕೇಳಿಸಿತು. ಜನ ಹಿಂತಿರುಗಿ ನೋಡಿದರು. ಅಮ್ಮ ಮೊಣಕೈಯಿಂದ ತಿವಿದು, "ರೀ, ಸುಮ್ನಿರ್ರೀ! ಮಾನ ಹೋಗತ್ತೆ!" ಎಂದದ್ದೂ ಕೇಳಿಸಿತು. ಆದರೆ ನನ್ನ ಮೈಯ ಒಂದೊಂದು ಮೂಳೆಗೂ ಆ ಸ್ವರದ ಗುರುತಿತ್ತು. ಆನೆ ಅಲ್ಲಿತ್ತು. ಬೂದು ಅಂಗಿ ತೊಟ್ಟು ಬಾಗಿಲ ಬಳಿ ನಿಂತಿತ್ತು. ಡ್ರೈವರಣ್ಣ ಅರಿವಿಲ್ಲದೆ ತನ್ನ ತಂತಿಯೊಂದನ್ನು ಮೀಟಿದ. ಅವನ ಸ್ವರವೂ ಅಪ್ಪನ ಗುನುಗೂ ಹಾಲು ನೀರಿನಂತೆ ಬೆರೆತವು. ಆಗ ಹೊಳೆಯಿತು: ಇವನು ಮೊದಲ ದಿನದಿಂದಲೂ ತನ್ನ ತಂತಿಗಳನ್ನು ನನ್ನ ಸಂದಿಗೇ ತಂದಿಟ್ಟುಕೊಂಡಿದ್ದಾನೆ. ಕೆಡಿಸಿದವಳು ನಾನೇ, ಇವತ್ತು ಮಧ್ಯಾಹ್ನ, ಸರಿಮಾಡಲು ಹೋಗಿ.

ಅಮ್ಮನ ತಿವಿತಕ್ಕೆ ಅಪ್ಪ ಥಟ್ಟನೆ ಬಾಯಿ ಮುಚ್ಚಿಕೊಂಡ.

ನಾನು ಮೈಕಿನ ಹತ್ತಿರ ಹೋದೆ. ಜನರ ಮುಂದೆ ಅದರಲ್ಲಿ ನಾನಾಡಿದ ಮೊದಲ ಮಾತು ಹಾಡಿನದಲ್ಲ.

"ಅಪ್ಪಾ, ನಿಲ್ಲಿಸ್ಬೇಡ."

ಅಪ್ಪ ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ.

"ನೀನೇ ಅಪ್ಪಾ. ಆನೆ ಥರ. ಒಂದ್ನಿಮಿಷ." ಆಮೇಲೆ ಜನರ ಕಡೆ ನೋಡಿ ಹೇಳಿದೆ, "ಕ್ಷಮಿಸಿ. ಶ್ರುತಿ ಸರಿಯಾಗೇ ಇತ್ತು, ನಾನು ರಿಪೇರಿ ಮಾಡ್ಬಿಟ್ಟೆ."

ಜನ ನಕ್ಕರು. ಈ ನಗು ಆ ಮೊದಲಿನ ಕಿಸಕ್ಕಿನಂತಿರಲಿಲ್ಲ. ಅಪ್ಪ ಕಣ್ಣು ಮುಚ್ಚಿ, ಇಸ್ತ್ರಿ ಪೆಟ್ಟಿಗೆ ಹಿಡಿದಂತೆ ಕೈ ಮುಂದಿಟ್ಟುಕೊಂಡು ಗುನುಗಿದ. ನಾನು ಆರು ತಂತಿಗಳನ್ನೂ ಬಿಗಿದೆ. ಎರಡು ನಿಮಿಷ ಹಿಡಿಯಿತು. ಅಪ್ಪ ನಡುವೆ ಉಸಿರಿಗಾಗಿ ಮೂರು ಸಲ ನಿಲ್ಲಿಸಿದ, ಮೂರು ಸಲವೂ ಅದೇ ಸ್ವರಕ್ಕೆ ಮರಳಿದ. ನರ್ಸಕ್ಕ ಮತ್ತೆ ನಾಲ್ಕು ಎಣಿಸಿದಳು. ಒಳಗೆ ತೆಗೆದುಕೊಂಡಿದ್ದನ್ನು ನಾನು ಹೊರಗೆ ಬಿಟ್ಟೆ.

"ಹಾಲು ತಂದೆ, ಬಲ್ಬು ತಂದೆ,
ಮೂರನೇದು ಯಾವ ಅಂಗಡೀಲಿ ಸಿಗತ್ತೆ?
ದೀಪ ಹಾಕಿ ಕೂತುಕೊಂಡೆ, ಹಾಲು ಕಾಸಿ ಕಾದುಕೊಂಡೆ,
ಮೂರನೇದಕ್ಕೆ ನಾನೇ ಬಾಗಿಲು ತಟ್ಟಬೇಕಂತೆ."

ಒಂದು ಹಾಡು ಎಂದು ಬರೆದುಕೊಂಡವಳು ನಾಲ್ಕೂ ಹಾಡಿದೆ. ಎರಡನೆಯ ಹಾಡಿನ ಹೊತ್ತಿಗೆ ಅಪ್ಪ ಗುನುಗುವುದನ್ನು ನಿಲ್ಲಿಸಿದ್ದ. ನನಗೆ ಗೊತ್ತಾದದ್ದು ಕೊನೆಯಲ್ಲಿ.

ಹೊರಗೆ ಡ್ರೈವರಣ್ಣ ಕೈ ಜೋಡಿಸಿದ. "ನಿಮ್ಮ ಶ್ರುತಿ ಬೇರೆ ಥರ ಅಂತ ಮೊದಲ್ನೇ ದಿನವೇ ಗೊತ್ತಿತ್ತು. ಬೇಕು ಅಂತಲೇ ಮಾಡಿದೀರಿ, ದೊಡ್ಡ ವಿಷಯ ಇರ್ಬೇಕು, ಕೇಳಿದ್ರೆ ನಾನು ದಡ್ಡ ಅನ್ಕೋತೀರಿ ಅಂತ ಸುಮ್ನಿದ್ದೆ."

"ಇಬ್ಬರಿಗೂ ಒಂದೇ ಕಾಯಿಲೆ," ಎಂದಳು ನರ್ಸಕ್ಕ.

"ನೀವ್ಯಾಕೆ ಬಂದ್ರಿ?" ಎಂದು ಅಮ್ಮನನ್ನು ಕೇಳಿದೆ.

"ಪರದೆ ನೋಡೋಕೆ. ಎಷ್ಟು ಕೊಳೆಯಾಗಿದೆ ನೋಡು, ಒಗೆಯೋಕೆ ಕೊಡ್ತಾರಾ ಅಂತ ವಿಚಾರಿಸೋಣ ಅಂದ್ಕೊಂಡ್ವಿ." ಆಮೇಲೆ ದನಿ ತಗ್ಗಿಸಿ ಹೇಳಿದಳು, "ಆ ನೀಲಿ ಟವೆಲ್ಲು ಇದೆಯಲ್ಲ, ಅದು ಯಾವ ಗಿರಾಕೀದೂ ಅಲ್ಲ ಕಣೆ. ಆನೆ ಓಡ್ತಿದ್ರೆ ಮಗು ಹಾಡತ್ತೆ ಅಂತ, ಬಟ್ಟೆ ಇಲ್ಲದ ಹೊತ್ತಲ್ಲಿ ನಿಮ್ಮಪ್ಪ ಅದನ್ನ ಹಾಕಿ ತಿರುಗಿಸ್ತಿದ್ರು. ಎರಡು ವರ್ಷದಿಂದ ಒಣಗೀ ಒಣಗೀ ಆ ಟವೆಲ್ಲು ಬಲೆ ಆಗಿದೆ."

"ಮೊದಲಿಂದ್ಲೂ ಕೇಳಿಸ್ತಿತ್ತಾ ನಿಮಗೆ?"

"ಕೌಂಟರಿನವರೆಗೂ. ಅವತ್ತು ಈ ಉದ್ದಪ್ಪನ ಮುಂದೆ ನನ್ನ ನಾಟಕ ಹೇಗಿತ್ತು?"

ಅಪ್ಪ ನನ್ನ ಗಿಟಾರಿನ ಚೀಲದ ಮೇಲೆ ಕೂತ ಧೂಳನ್ನು ಎರಡು ಬೆರಳಿಂದ ಕೊಡವಿದ.

ಸೋಮವಾರ ವಿಮಾ ಕಚೇರಿಗೆ ಬೇಡವೆಂದು ಬರೆದೆ. ಆ ಮಾತಿಗೆ ಏಳು ವರ್ಷವಾಯಿತು, ಮೂರು ರೆಕಾರ್ಡು ಬಂದವು. ಡ್ರೈವರಣ್ಣ ಈಗ ನಮ್ಮ ತಂಡದ ವ್ಯಾನನ್ನೂ ಓಡಿಸುತ್ತಾನೆ. ಆನೆ ತೀರಿಕೊಂಡು ಹೊಸ ಮೆಷೀನು ಬಂದಿದೆ. ಅದು ಪಿಸುಗುಟ್ಟುತ್ತದಷ್ಟೇ, ಅದರ ಮರೆಯಲ್ಲಿ ಒಂದು ಸೀನು ಕೂಡ ಬಚ್ಚಿಡಲಾಗುವುದಿಲ್ಲ. ಯಾವ ಊರಿನಲ್ಲಿ ಹಾಡುವುದಿದ್ದರೂ ವೇದಿಕೆ ಹತ್ತುವ ಮೊದಲು ನಾನು ಮನೆಗೆ ಫೋನ್ ಮಾಡುತ್ತೇನೆ. ಅಪ್ಪ "ಊಟ ಆಯ್ತಾ?" ಎನ್ನುತ್ತಾನೆ, ಗಂಟಲು ಸರಿಮಾಡಿಕೊಳ್ಳುತ್ತಾನೆ, ಗುನುಗುತ್ತಾನೆ. ನಾವು ತಂತಿ ಬಿಗಿಯುತ್ತೇವೆ.

ಮೂರನೆಯ ರೆಕಾರ್ಡಿನ ಶ್ರುತಿ ಹಿಂದಿನ ಎರಡಕ್ಕಿಂತ ಒಂದು ಎಳೆ ಕೆಳಗಿದೆ, ಅದು ಕಲಾವಿದೆಯ ಹೊಸ ಮನಃಸ್ಥಿತಿಯನ್ನು ಸೂಚಿಸುತ್ತದೆ ಎಂದು ಒಬ್ಬ ವಿಮರ್ಶಕರು ಬರೆದಿದ್ದರು. ಕತ್ತರಿಸಿ ಡೈರಿಯಲ್ಲಿ ಅಂಟಿಸಿಕೊಂಡಿದ್ದೇನೆ. ಪಕ್ಕದಲ್ಲಿ ಬರೆದಿದ್ದೇನೆ: "ಆ ವಾರ ಅಪ್ಪನಿಗೆ ನೆಗಡಿ."